ನೈಲಾನ್ ತಂತಿ: ನಾರ್ಮಲ್ ಟೆನ್ಷನ್ ತಗೊಳ್ಳೋದೋ, ಹಾರ್ಡ್ ತಗೊಳ್ಳೋದೋ?

ಹೊಸಬೆರಳು:
ಗಿಟಾರ್ ವಿವರ ಮೊದಲೇ ಕೊಟ್ಟುಬಿಡ್ತೀನಿ. ಕ್ಲಾಸಿಕಲ್, ಸ್ಕೇಲ್ (ತಂತಿ ಕಂಪಿಸೋ ಉದ್ದ) 650 ಮಿ.ಮೀ., ಮೇಲ್ಹಲಗೆ ಸೀಡರ್, ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸೋ ಒಳಗಿನ ಸರಳು) ಇಲ್ಲ. ಈಗಿರೋ ತಂತಿ ಸೆಟ್ ಡ'ಅಡಾರಿಯೊ ಇಜೆ45, ಅಂದರೆ ನಾರ್ಮಲ್ ಟೆನ್ಷನ್ (ಬಿಗಿ). 12ನೇ ಫ್ರೆಟ್ಟಿನ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಮೇಲೆ ತಂತಿಯ ಎತ್ತರ: ಆರನೇ ತಂತಿ 4.0 ಮಿ.ಮೀ., ಒಂದನೇ ತಂತಿ 3.8.

ತೊಂದರೆ ಮೂರು. ಮೂರನೇ ತಂತಿ, ಅದೇ ಜಿ, ಮಂಕು. 12ನೇ ಫ್ರೆಟ್ಟಿಗೆ ಹೋದರೆ ಶ್ರುತಿ ಮೇಲೇರುತ್ತೆ. ಆರನೇ ತಂತಿಯನ್ನು ಇ ಇಂದ ಡಿ ಗೆ ಇಳಿಸಿದರೆ ಝರ್ ಅನ್ನುತ್ತೆ. ಬಾರೆ (ಒಂದೇ ಬೆರಳಲ್ಲಿ ಹಲವು ತಂತಿ ಒತ್ತೋದು) ಹಿಡಿದರೆ ಎಡಗೈ ಬೇಗ ಸೋಲುತ್ತೆ. ಹಾರ್ಡ್ ಟೆನ್ಷನ್ ಹಾಕಿದರೆ ಮೊದಲೆರಡು ಸರಿಹೋಗುತ್ತೆ ಅಂತಾರೆ, ಆದರೆ ಮೂರನೆಯದು ಇನ್ನೂ ಕೆಡುತ್ತಲ್ಲ? ಯಾವುದನ್ನು ಆರಿಸೋದು?

ಲೆಕ್ಕಿಗ:
ಮೊದಲು ಆ "ಹಾರ್ಡ್" ಅನ್ನೋ ಪದದ ಭಯ ಬಿಡಿ. ಇಜೆ45ರಲ್ಲಿ ಒಂದನೇ ತಂತಿಯ ದಪ್ಪ 0.028 ಇಂಚು. ಅದೇ ಕಂಪನಿಯ ಹಾರ್ಡ್ ಸೆಟ್ ಇಜೆ46ರಲ್ಲಿ 0.0285. ಅರ್ಧ ಸಾವಿರಾಂಶ ಇಂಚಿನ ವ್ಯತ್ಯಾಸ, ಅಷ್ಟೇ. ವಸ್ತು, ಉದ್ದ, ಶ್ರುತಿ ಮೂರೂ ಅವೇ ಆಗಿದ್ದಾಗ ಟೆನ್ಷನ್ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತೆ. 0.0285ನ್ನು 0.028ರಿಂದ ಭಾಗಿಸಿ ವರ್ಗ ಮಾಡಿದರೆ 1.036. ಅಂದರೆ ಶೇ. 3.6 ಹೆಚ್ಚು.

ಪೂರ್ತಿ ಸೂತ್ರ ಬೇಕಾದವರಿಗೆ: ಒಂದು ಮೀಟರ್ ತಂತಿಯ ತೂಕ ಕಿಲೋಗ್ರಾಮಿನಲ್ಲಿ, ಉದ್ದದ ವರ್ಗ ಮೀಟರಿನಲ್ಲಿ, ಕಂಪನಸಂಖ್ಯೆಯ ವರ್ಗ, ಈ ಮೂರನ್ನೂ ಗುಣಿಸಿ ಮತ್ತೆ 4ರಿಂದ ಗುಣಿಸಿದರೆ ಟೆನ್ಷನ್ ನ್ಯೂಟನ್ನಿನಲ್ಲಿ ಸಿಗುತ್ತೆ. ಉದ್ದಕ್ಕೂ ಕಂಪನಸಂಖ್ಯೆಗೂ ವರ್ಗ ಇದೆ ಅನ್ನೋದೇ ಇಲ್ಲಿ ಮುಖ್ಯ.

ಅದಕ್ಕೇ ಕಾಸು ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಎ ಸ್ವರದ ಕಂಪನಸಂಖ್ಯೆ ಬದಲಿಸಬಹುದಾದ ಟ್ಯೂನರ್ ಅಥವಾ ಆ್ಯಪ್ ತಗೊಳ್ಳಿ. 440 ಇರೋದನ್ನ 448 ಮಾಡಿ, ಆರೂ ತಂತಿಗಳನ್ನು ಅದಕ್ಕೆ ಕೂಡಿಸಿ. 448/440ರ ವರ್ಗ 1.037. ಅಂದರೆ ನಿಮ್ಮ ನಾರ್ಮಲ್ ಸೆಟ್ಟಿನ ಮೇಲೇ ಹಾರ್ಡ್ ಸೆಟ್ಟಿನ ಬಿಗಿ ಬಂತು. ಅರ್ಧ ಗಂಟೆ ನುಡಿಸಿ. ಆಮೇಲೆ 432ಕ್ಕೆ ಇಳಿಸಿ ನುಡಿಸಿ. ಈಗ ಶೇ. 3.6 ಕಡಿಮೆ, ಲೈಟ್ ಟೆನ್ಷನ್ ಸೆಟ್ಟಿನ ಆಸುಪಾಸು. ಎರಡರ ನಡುವೆ ಬೆರಳಿಗೆ ವ್ಯತ್ಯಾಸವೇ ಗೊತ್ತಾಗದಿದ್ದರೆ ಹಾರ್ಡೋ ನಾರ್ಮಲ್ಲೋ ಅನ್ನೋ ಪ್ರಶ್ನೆ ಅಲ್ಲಿಗೇ ಮುಗೀತು.

ದೇವದಾರು:
ಲೆಕ್ಕಿಗರ ಪರೀಕ್ಷೆ ಒಳ್ಳೇದು. ಆದರೆ ಅದು ಬಿಗಿಯನ್ನು ಮಾತ್ರ ತೋರಿಸುತ್ತೆ, ತೂಕವನ್ನು ತೋರಿಸಲ್ಲ. ಹಾರ್ಡ್ ಸೆಟ್ಟಿನ ತಂತಿ ತೂಕವೂ ಹೆಚ್ಚು, ಹಾಗಾಗಿ ಮೇಲ್ಹಲಗೆಯನ್ನು ಸ್ವಲ್ಪ ಜೋರಾಗಿ ತಳ್ಳುತ್ತೆ. ಶ್ರುತಿ ಏರಿಸಿದರೆ ಆ ಗುಣ ಬರಲ್ಲ. ಕೈಗೆ ಹೇಗೆ ಅನ್ನೋದಕ್ಕೆ ಈ ಪರೀಕ್ಷೆ ಸಾಕು, ನಾದಕ್ಕೆ ಸಾಲದು.

ಇನ್ನೊಂದು ಮಾತು. ನಾರ್ಮಲ್, ಹಾರ್ಡ್, ಹೈ, ಮೀಡಿಯಂ ಇವಕ್ಕೆಲ್ಲ ಎಲ್ಲ ಕಂಪನಿಗಳೂ ಒಪ್ಪಿದ ಒಂದು ಅಳತೆ ಇಲ್ಲ. ಒಬ್ಬರ ಹಾರ್ಡ್ ಇನ್ನೊಬ್ಬರ ನಾರ್ಮಲ್ ಹತ್ತಿರ ಬರೋದುಂಟು. ಅಗಸ್ಟಿನ್‌ನವರ ಕ್ಲಾಸಿಕ್ ಸೆಟ್ಟುಗಳಲ್ಲಂತೂ ಬಣ್ಣದ ಲೆಕ್ಕ: ಕಪ್ಪು ಲೋ, ಕೆಂಪು ಮೀಡಿಯಂ, ನೀಲಿ ಹೈ. ಪೊಟ್ಟಣದ ಹಿಂದೆ ತಂತಿಯೊಂದಕ್ಕೆ ಇಷ್ಟು ಕೆ.ಜಿ. ಅಂತ ಬರೆದಿದ್ದರೆ ಅದನ್ನು ನೋಡಿ, ಮುಂದಿನ ದೊಡ್ಡ ಅಕ್ಷರ ಬಿಡಿ. ಆ ಅಂಕಿ ಯಾವ ಸ್ಕೇಲಿಗೆ ಅನ್ನೋದನ್ನೂ ನೋಡಿ, ಸಾಮಾನ್ಯವಾಗಿ 650ಕ್ಕೆ ಇರುತ್ತೆ.

ಲೆಕ್ಕಿಗ:
ಸ್ಕೇಲ್ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಅದೇ ತಂತಿಯನ್ನು 640 ಮಿ.ಮೀ. ಗಿಟಾರಿಗೆ ಹಾಕಿದರೆ ಶೇ. 3 ಕಡಿಮೆ, 630ಕ್ಕೆ ಶೇ. 6 ಕಡಿಮೆ, 664ಕ್ಕೆ ಶೇ. 4ಕ್ಕಿಂತ ತುಸು ಹೆಚ್ಚು ಟೆನ್ಷನ್ ಬರುತ್ತೆ. ಅಂದರೆ 640ರಲ್ಲಿ ಹಾರ್ಡ್ ಸೆಟ್ ಹಾಕಿದವರೂ 650ರಲ್ಲಿ ನಾರ್ಮಲ್ ಹಾಕಿದವರೂ ಹೆಚ್ಚುಕಮ್ಮಿ ಒಂದೇ ಬಿಗಿ ಒತ್ತುತ್ತಿದ್ದಾರೆ. "ನಂಗೆ ಹಾರ್ಡ್ ಚೆನ್ನಾಗಿದೆ" ಅಂತ ಯಾರಾದರೂ ಹೇಳಿದರೆ ಮೊದಲು ಅವರ ಸ್ಕೇಲ್ ಕೇಳಿ.

ಹೊಸಬೆರಳು:
448, 432 ಎರಡೂ ನೋಡಿದೆ. 448ರಲ್ಲಿ ಬಲಗೈಗೆ ಚೂರು ಬಿಗಿ ಅನ್ನಿಸ್ತು. ಎಡಗೈಗೆ ವ್ಯತ್ಯಾಸವೇ ಇಲ್ಲ. 432ರಲ್ಲೂ ಬಾರೆ ಅಷ್ಟೇ ಕಷ್ಟ!

ದೇವದಾರು:
ಹಾಗಿದ್ದರೆ ನಿಮ್ಮ ಎಡಗೈ ಸೋಲ್ತಿರೋದು ಟೆನ್ಷನ್ನಿನಿಂದ ಅಲ್ಲ, ಎತ್ತರದಿಂದ. ಒಂದನೇ ತಂತಿ 3.8 ಮಿ.ಮೀ. ಅಂದರೆ ಜಾಸ್ತಿ. ನೈಲಾನಿಗೆ ಒಂದನೇ ತಂತಿ 3, ಆರನೇ ತಂತಿ 4 ಅನ್ನೋದು ವಾಡಿಕೆಯ ಅಳತೆ. ನಿಮ್ಮದರಲ್ಲಿ ಬೇಸ್ (4ರಿಂದ 6ನೇ ತಂತಿ) ಕಡೆ ಸರಿ ಇದೆ, ಟ್ರೆಬಲ್ (1ರಿಂದ 3ನೇ ತಂತಿ) ಕಡೆ ಮೇಲೆ ಕೂತಿದೆ. ಸ್ಯಾಡಲ್ (ಹಲಗೆ ಕಡೆ ತಂತಿ ಕೂರೋ ಸಣ್ಣ ಪಟ್ಟಿ) ಇಳಿಜಾರು ಇಲ್ಲದೆ ಮಟ್ಟವಾಗಿದೆ ಅಂತ ಕಾಣುತ್ತೆ.

ಸ್ಯಾಡಲ್ ಮುಟ್ಟೋ ಮುಂಚೆ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರೋ ಪಟ್ಟಿ) ನೋಡಿ. ಮೊದಲ ಮೂರು ಫ್ರೆಟ್ಟಿನಲ್ಲಿ ಬಾರೆ ಕಷ್ಟ, 5ರಲ್ಲೋ 7ರಲ್ಲೋ ಹಿಡಿದರೆ ಸಲೀಸು ಅಂತಾದರೆ ತಪ್ಪು ನಟ್ಟಿನಲ್ಲಿದೆ. ಒಂದೊಂದು ತಂತಿಯನ್ನೂ 3ನೇ ಫ್ರೆಟ್ಟಿನ ಹಿಂದೆ ಒತ್ತಿ ಹಿಡಿದು 1ನೇ ಫ್ರೆಟ್ಟಿನ ಮೇಲೆ ಬೆಳಕು ಎಷ್ಟು ಕಾಣುತ್ತೆ ನೋಡಿ. ತೆಳು ಕಾಗದ ನುಸುಳುವಷ್ಟಿದ್ದರೆ ಸರಿ. ದಪ್ಪ ರಟ್ಟು ಹೋಗುವಷ್ಟಿದ್ದರೆ ಗಾಡಿ (ತಂತಿ ಕೂರೋಕೆ ಕೊರೆದ ಸೀಳು) ಆಳ ಸಾಲದು. ಏನೂ ಇಲ್ಲದೆ ತಂತಿ ಫ್ರೆಟ್ಟಿಗೇ ಕೂತಿದ್ದರೆ ಗಾಡಿ ಆಳ ಹೆಚ್ಚಾಗಿದೆ, ಖಾಲಿ ತಂತಿ ಝರ್ ಅನ್ನೋದು ಅದಕ್ಕೇ.

ಅರಗಿಣಿ:
ಜಿ ತಂತಿಯ ಮಂಕು ಎಲ್ಲರ ಗೋಳು, ಅದಕ್ಕೆ ಹಾರ್ಡ್ ಮದ್ದಲ್ಲ. ಹಾರ್ಡ್ ಸೆಟ್ಟಿನಲ್ಲಿ ಜಿ ಇನ್ನೂ ದಪ್ಪ: 0.0403 ಇದ್ದದ್ದು 0.041 ಆಗುತ್ತೆ. ಜಿ ಮಂಕಾಗೋದೇ ದಪ್ಪದಿಂದ. ಸುತ್ತು ಇಲ್ಲದ ಬರೀ ಎಳೆಯಲ್ಲಿ ಅಷ್ಟು ಕೆಳಗಿನ ಸ್ವರ ತರಬೇಕಾದರೆ ಎಳೆ ದಪ್ಪವಾಗಲೇಬೇಕು. ದಪ್ಪ ಎಳೆ ಬಾಗೋಕೆ ಒಪ್ಪಲ್ಲ, ಸಣ್ಣ ಕೋಲಿನ ಥರ ವರ್ತಿಸುತ್ತೆ. ಮೇಲಿನ ಸ್ವರಾಂಶಗಳು ಬೇಗ ಸಾಯುತ್ತವೆ. ಫ್ರೆಟ್ ಒತ್ತಿದಾಗ ಶ್ರುತಿ ಮೇಲೇರೋದಕ್ಕೂ ಇದೇ ಕಾರಣ.

ಇದಕ್ಕೆ ಕಾರ್ಬನ್ ಜಿ ಹಾಕಿ. ಕಾರ್ಬನ್ ಅನ್ನೋದು ಬರೀ ಹೆಸರು, ಇದ್ದಿಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಫ್ಲೋರೋಕಾರ್ಬನ್ ಪ್ಲಾಸ್ಟಿಕ್. ನೈಲಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ 1.14 ಗ್ರಾಂ ಆಸುಪಾಸು, ಇದರದ್ದು 1.78. ಅಷ್ಟೇ ತೂಕಕ್ಕೆ ಐದನೇ ಒಂದು ಭಾಗ ತೆಳು ಸಾಕು. 0.040ರ ಜಾಗದಲ್ಲಿ 0.033ರ ಹತ್ತಿರದ ಎಳೆ. ನಾದ ಬಿಚ್ಚಿಕೊಳ್ಳುತ್ತೆ, 12ನೇ ಫ್ರೆಟ್ಟಿನ ಶ್ರುತಿಯೂ ಮುಕ್ಕಾಲು ಪಾಲು ಸರಿಹೋಗುತ್ತೆ. ಒಂದು, ಎರಡನೇ ತಂತಿ ನೈಲಾನೇ ಇರಲಿ. ಮೂರೂ ಕಾರ್ಬನ್ ಹಾಕಿದರೆ ಕೆಲವು ಗಿಟಾರಿನಲ್ಲಿ ಒಂದನೇ ತಂತಿ ಕೀರಲಾಗುತ್ತೆ. ನಿಮ್ಮದು ಸೀಡರ್ ಹಲಗೆ, ಮೃದು ನಾದ, ಮೂರೂ ಕಾರ್ಬನ್ ತಡೆದುಕೊಂಡೀತು. ಆದರೂ ಒಂದರಿಂದ ಶುರು ಮಾಡಿ.

ಒಂದು ಎಚ್ಚರಿಕೆ: ನಟ್ಟಿನಲ್ಲಿ 0.040ಕ್ಕೆ ಕೊರೆದ ಗಾಡಿಯಲ್ಲಿ 0.033 ಎಳೆ ಅತ್ತಿತ್ತ ಆಡುತ್ತೆ. ಖಾಲಿ ಜಿ ಮೀಟಿದಾಗ ಮಾತ್ರ ಸಿತಾರಿನ ಥರ ಝೇಂಕಾರ ಬಂದರೆ ಕಾರಣ ಇದೇ. 1ನೇ ಫ್ರೆಟ್ ಒತ್ತಿದ ಕೂಡಲೇ ನಿಲ್ಲುತ್ತೆ, ಅದೇ ಗುರುತು.

ಬಿದಿರುಕಡ್ಡಿ:
ಇದರ ಜೊತೆ ರೆಕ್ಟಿಫೈಡ್ ನೈಲಾನ್ ಅಂತಲೂ ಒಂದಿದೆ. ಎಳೆಯನ್ನು ಉದ್ದಕ್ಕೂ ಒಂದೇ ದಪ್ಪ ಬರೋ ಹಾಗೆ ಉಜ್ಜಿರುತ್ತಾರೆ. ಮುಟ್ಟಿದರೆ ಸ್ವಲ್ಪ ತರಿತರಿ, ನಾದ ತೆಳು ನೈಲಾನಿಗಿಂತ ದುಂಡು. ಶ್ರುತಿ ನಿಖರ. ಉಗುರು ಜಾರೋದು ಕಡಿಮೆ ಅಂತ ಟ್ರೆಮೊಲೊ (ಒಂದೇ ಸ್ವರವನ್ನು ಬೇಗಬೇಗ ಮೀಟೋದು) ನುಡಿಸೋರು ಇಷ್ಟಪಡ್ತಾರೆ, ಉಗುರು ತುದಿ ಒರಟಿದ್ದರೆ ಮಾತ್ರ ಕರಕರ ಕೇಳಿಸುತ್ತೆ.

ಹೊಸಬೆರಳು:
ಅರಗಿಣಿ ಅವರೇ, ಕಾರ್ಬನ್ ಜಿ ಗೆ ಟೆನ್ಷನ್ ಯಾವುದು ತಗೊಳ್ಳಲಿ? ಬಿಡಿ ತಂತಿ ಸಿಗುತ್ತಾ?

ಅರಗಿಣಿ:
ಬಿಡಿಯಾಗಿಯೂ ಬರುತ್ತೆ. ನಾರ್ಮಲ್ಲೇ ತಗೊಳ್ಳಿ. ಒಂದೇ ಟೆನ್ಷನ್ ಇದ್ದರೂ ಕಾರ್ಬನ್ ಬೆರಳಿಗೆ ಗಟ್ಟಿ ಅನ್ನಿಸುತ್ತೆ, ತೆಳುವಾಗಿರೋದರಿಂದ ಬೆರಳ ತುದಿಗೆ ಒತ್ತುತ್ತೆ ಕೂಡ. ಎಡಗೈ ಸೋಲೋರಿಗೆ ಹಾರ್ಡ್ ಕಾರ್ಬನ್ ಬೇಡ.

ಲೆಕ್ಕಿಗ:
ಈಗ ಆರನೇ ತಂತಿ ಡಿ ಗೆ ಇಳಿಸೋ ವಿಷಯ. ಇ 82.4 ಹರ್ಟ್ಜ್, ಡಿ 73.4. ಅನುಪಾತದ ವರ್ಗ 0.79. ಅಂದರೆ ಒಂದು ಸ್ವರ ಇಳಿಸಿದ್ದಕ್ಕೆ ಶೇ. 21ರಷ್ಟು ಬಿಗಿ ಹೋಯ್ತು. ತಂತಿ ಸಡಿಲಾದಷ್ಟೂ ಅದೇ ಏಟಿಗೆ ಅಗಲವಾಗಿ ತೂಗುತ್ತೆ, ಫ್ರೆಟ್ಟಿಗೆ ಬಡಿಯುತ್ತೆ. ಹಾರ್ಡ್ ಸೆಟ್ಟಿನ ಆರನೇ ತಂತಿ 0.044, ನಾರ್ಮಲ್ಲಿನದು 0.043. ಇದರಿಂದ ವಾಪಸು ಬರೋದು ಹೆಚ್ಚೆಂದರೆ ಶೇ. 5. ಹೋದದ್ದು 21, ಬಂದದ್ದು 5. ಹಾಗಾಗಿ ಹಾರ್ಡ್ ಬೇಸ್ ಹಾಕಿದರೆ ಝರ್ ಕಡಿಮೆಯಾದೀತು, ಮಾಯವಾಗುತ್ತೆ ಅಂತ ಕೂರಬೇಡಿ.

ದೇವದಾರು:
ಆ ಝರ್ ಎಲ್ಲಿಂದ ಬರುತ್ತೆ ಅಂತ ಮೊದಲು ಹುಡುಕಿ. ಡಿ ಗೆ ಇಳಿಸಿ ಖಾಲಿ ತಂತಿ ಮೀಟಿ, ಆಮೇಲೆ ಒಂದೊಂದೇ ಫ್ರೆಟ್ ಒತ್ತುತ್ತಾ ಬನ್ನಿ. ಖಾಲಿ ತಂತಿಯಲ್ಲಿ ಮಾತ್ರ ಅಂದರೆ ನಟ್. 1ರಿಂದ 5ರವರೆಗೆ ಝರ್ ಇದ್ದು ಮೇಲೆ ಹೋದಂತೆ ಇಲ್ಲ ಅಂದರೆ ಕತ್ತು ತೀರಾ ನೆಟ್ಟಗಿದೆ. ಮೇಲಿನ ಫ್ರೆಟ್ಟುಗಳಲ್ಲೂ ಬಂದರೆ ಎತ್ತರ ಸಾಲದು. ಒಂದೇ ಫ್ರೆಟ್ಟಿನಲ್ಲಿ ಬಂದರೆ ಅದರ ಮುಂದಿನ ಫ್ರೆಟ್ ಎದ್ದಿದೆ.

ಕತ್ತಿನ ಬಾಗು ನೋಡೋಕೆ ಆರನೇ ತಂತಿಯನ್ನು 1 ಮತ್ತು 12ನೇ ಫ್ರೆಟ್ಟಿನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ತಂತಿಯೇ ಈಗ ಅಳತೆಪಟ್ಟಿ. 6, 7ನೇ ಫ್ರೆಟ್ಟಿನ ಹತ್ತಿರ ಅಡಿಯಲ್ಲಿ 0.1ರಿಂದ 0.3 ಮಿ.ಮೀ. ಸಂದು ಇರಬೇಕು. ಏನೂ ಇಲ್ಲದಿದ್ದರೆ ಹಾರ್ಡ್ ಬೇಸ್ ನಿಮಗೆ ಇನ್ನೊಂದು ರೀತಿಯಲ್ಲೂ ಒಳ್ಳೇದು: ಟ್ರಸ್ ರಾಡ್ ಇಲ್ಲದ ಕತ್ತನ್ನು ಕೂದಲೆಳೆಯಷ್ಟು ಮುಂದಕ್ಕೆ ಎಳೆಯುತ್ತೆ.

ಉಕ್ಕಿನತಂತಿ:
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಉಕ್ಕಿನ ತಂತಿಯ ಡ್ರೆಡ್‌ನಾಟ್ ಅಕೌಸ್ಟಿಕ್‌ಗೆ ನೈಲಾನ್ ಹಾಕಬಹುದಾ? ಬೆರಳು ನೋವಿಗೆ ಒಳ್ಳೇದು ಅಂತಾರೆ. ಹಾರ್ಡ್ ಟೆನ್ಷನ್ ಹಾಕಿದರೆ ಸದ್ದು ಸಾಕಾಗುತ್ತಾ?

ದೇವದಾರು:
ಗಿಟಾರಿಗೆ ಅಪಾಯವಿಲ್ಲ, ಆದರೆ ಪ್ರಯೋಜನವೂ ಇಲ್ಲ. 0.012ರಿಂದ 0.053ರ ಉಕ್ಕಿನ ಸೆಟ್ ಒಟ್ಟು 70 ಕೆ.ಜಿ.ಗೂ ಮೇಲೆ ಎಳೆಯುತ್ತೆ, ನೈಲಾನ್ ಸೆಟ್ 40ರ ಆಸುಪಾಸು. ಆ 70ನ್ನು ತಡೆಯೋಕೆ ಅಂತಲೇ ಹಲಗೆ ದಪ್ಪ ಇಟ್ಟು ಅಡಿಯಲ್ಲಿ ಎಕ್ಸ್ ಆಕಾರದ ಪಟ್ಟಿ ಕೂರಿಸಿರ್ತಾರೆ. ನೈಲಾನ್ ಅದನ್ನು ಅಲ್ಲಾಡಿಸಲಾರದು. ಹಾರ್ಡ್ ಹಾಕಿದರೂ ಶೇ. 4 ಹೆಚ್ಚು, ಅದು ಯಾವ ಮೂಲೆಗೆ?

ಮಿಕ್ಕ ರಗಳೆ ಬೇರೆ. ನಟ್ಟಿನ ಒಂದನೇ ಗಾಡಿ 0.012 ಇಂಚಿಗೆ ಕೊರೆದದ್ದು, 0.028 ಎಳೆ ಒಳಗೇ ಇಳಿಯದೆ ಮೇಲೆ ಕೂರುತ್ತೆ, ಜೋರಾಗಿ ಮೀಟಿದರೆ ಹಾರಿ ಪಕ್ಕಕ್ಕೆ ಬರುತ್ತೆ. ಗಾಡಿ ಅಗಲ ಮಾಡಿದಿರೋ, ಮತ್ತೆ ಉಕ್ಕಿನ ತಂತಿ ಹಾಕಬೇಕಾದಾಗ ಹೊಸ ನಟ್ಟೇ ಬೇಕು. ಬ್ರಿಡ್ಜಿಗೆ (ಹಲಗೆ ಮೇಲೆ ತಂತಿ ಸಿಕ್ಕಿಸೋ ಮರದ ತುಂಡು) ಪಿನ್ ಇರೋದರಿಂದ ತುದಿಯಲ್ಲಿ ಗುಂಡು ಇರೋ ನೈಲಾನ್ ಸೆಟ್ಟೇ ಆಗಬೇಕು. ಬಿಗಿ ಅರ್ಧಕ್ಕಿಳಿದಾಗ ಕತ್ತು ಹಿಂದಕ್ಕೆ ಬಾಗಿ ಎಲ್ಲ ಕಡೆ ಝರ್, ಅದಕ್ಕೆ ಟ್ರಸ್ ರಾಡ್ ಸಡಿಲಿಸಬೇಕು.

ಬೆರಳು ನೋವು ಅಂದರೆ ಸಿಲ್ಕ್ ಆ್ಯಂಡ್ ಸ್ಟೀಲ್ ಸೆಟ್ ನೋಡಿ. ಉಕ್ಕಿನ ಎಳೆಯ ಸುತ್ತ ರೇಷ್ಮೆಯಂಥ ದಾರ, ಅದರ ಮೇಲೆ ಸುತ್ತು. ಅದೇ ನಟ್, ಅದೇ ಪಿನ್, ಬಿಗಿ ಕಡಿಮೆ, ಮೆತ್ತಗಿರುತ್ತೆ. ಸದ್ದು ಸ್ವಲ್ಪ ಇಳಿಯುತ್ತೆ. ಇಲ್ಲವೇ 0.010ರ ಎಕ್ಸ್‌ಟ್ರಾ ಲೈಟ್ ಹಾಕಿ.

ಇದನ್ನು ಓದೋ ಇತರರಿಗೆ: ಉಲ್ಟಾ ಮಾತ್ರ ಯಾವತ್ತೂ ಮಾಡಬೇಡಿ. ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಿದರೆ ಬ್ರಿಡ್ಜ್ ಅಂಟು ಬಿಟ್ಟು ಏಳುತ್ತೆ, ಅದರ ಹಿಂದೆ ಹಲಗೆ ಉಬ್ಬುತ್ತೆ, ಮುಂದೆ ಕುಸಿಯುತ್ತೆ. ಕಡಿಮೆ ಟೆನ್ಷನ್ನಿನ ಉಕ್ಕು ಅಂತ ಸಮಾಧಾನ ಮಾಡಿಕೊಳ್ಳೋದೂ ಬೇಡ.

ಉಕ್ಕಿನತಂತಿ:
ಸಿಲ್ಕ್ ಆ್ಯಂಡ್ ಸ್ಟೀಲ್ ಹುಡುಕ್ತೀನಿ ಸರ್. ಧನ್ಯವಾದ.

ಬಿದಿರುಕಡ್ಡಿ:
ಒಂದು ಉಪಕಥೆ. ನೈಲಾನ್ ಅನ್ನೋದು ಗಿಟಾರಿಗೆ ಹುಟ್ಟಿದ್ದಲ್ಲ. 1940ರ ದಶಕದವರೆಗೂ ಪ್ರಾಣಿಯ ಕರುಳಿನ ತಂತಿ. ಎರಡನೇ ಮಹಾಯುದ್ಧದಲ್ಲಿ ಕರುಳೆಲ್ಲ ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಹೋಯ್ತು, ಗಿಟಾರಿಗೆ ಬರ. ಆಗಲೇ ಆಲ್ಬರ್ಟ್ ಅಗಸ್ಟಿನ್ ಡುಪಾಂಟ್ ಕಂಪನಿಯ ನೈಲಾನ್ ಎಳೆಯನ್ನು ಗಿಟಾರಿಗೆ ಕಟ್ಟಿದ್ದು, ಸ್ಪೇನಿನ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಅದನ್ನು ಮೆಚ್ಚಿ ಬಳಸಿದ್ದು. ಹೊಸ ತಂತಿ ವಾರಗಟ್ಟಲೆ ಹಿಗ್ಗುತ್ತೆ ಅಂತ ಬೈಯೋರು, ತೇವಕ್ಕೆ ಕರುಳು ಎಳೆ ಬಿಡ್ತಿದ್ದದ್ದನ್ನು ನೆನೆಸಿಕೊಳ್ಳಲಿ!

ಹೊಸಬೆರಳು:
ಹಿಗ್ಗೋ ಮಾತು ಬಂದದ್ದಕ್ಕೆ ಕೇಳ್ತೀನಿ: ಒಂದನೇ ತಂತಿ ಎರಡು ಸಲ ಬ್ರಿಡ್ಜಿನಿಂದ ಜಾರಿತು. ಕಾರ್ಬನ್ ಇನ್ನೂ ನುಣುಪು ಅಂತಾರಲ್ಲ, ಅದನ್ನು ಹೇಗೆ ಕಟ್ಟೋದು?

ಅರಗಿಣಿ:
ಜಾರೋದು ಗಂಟಿನ ಕೊನೆ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದರಿಂದ. ತೂತಿನ ಮೂಲಕ ಹಿಂದಕ್ಕೆ ಎಂಟು ಹತ್ತು ಸೆಂ.ಮೀ. ಎಳೆಯಿರಿ. ಆ ಬಾಲವನ್ನು ಬ್ರಿಡ್ಜಿನ ಮೇಲಿಂದ ಮುಂದಕ್ಕೆ ತಂದು, ತೂತಿಗೆ ಇಳಿಯೋ ತಂತಿಯ ಅಡಿಯಲ್ಲಿ ದಾಟಿಸಿ, ವಾಪಸು ಬ್ರಿಡ್ಜಿನ ಮೇಲೆ ತಂದು ತನ್ನದೇ ಕುಣಿಕೆಯ ಅಡಿ ತೂರಿಸಿ ಸುತ್ತಿ. ಬೇಸ್ ತಂತಿಗೆ ಒಂದು ಸುತ್ತು ಸಾಕು, ಟ್ರೆಬಲ್ಲಿಗೆ ಎರಡು, ಒಂದನೇ ತಂತಿಗೂ ಕಾರ್ಬನ್ನಿಗೂ ಮೂರು. ಕೊನೆಯ ತೂರು ಬ್ರಿಡ್ಜಿನ ಹಿಂದಿನ ಅಂಚು ದಾಟಿ ಕೆಳಗೆ, ಹಿಂಬದಿ ಗೋಡೆಗೆ ಒತ್ತಿಕೊಂಡಿರಬೇಕು. ಅಂಚಿನ ಮೇಲೇ ನಿಂತರೆ ತಂತಿ ಬಿಗಿಯಾದಾಗ ಅದನ್ನು ಒತ್ತಿ ಹಿಡಿಯೋಕೆ ಏನೂ ಇಲ್ಲ. ನಿಮ್ಮದು ಜಾರಿದ್ದು ಇಲ್ಲೇ ಅಂತ ನನ್ನ ಊಹೆ.

ಜಾರಿದ ತುದಿ ಚಾಟಿ ಥರ ಹಲಗೆಗೆ ಹೊಡೆದು ಗುಳಿ ಬೀಳಿಸುತ್ತೆ. ಸೀಡರ್ ಮೆದು ಮರ, ಇನ್ನೂ ಬೇಗ. ಕಟ್ಟುವಾಗ ಬ್ರಿಡ್ಜಿನ ಹಿಂದೆ ರಟ್ಟು ಇಡಿ, ಮೊದಲ ದಿನ ಅಲ್ಲೇ ಇರಲಿ. ನೈಲಾನ್ ಎಳೆಯ ತುದಿಯನ್ನು ಗಿಟಾರಿನಿಂದ ದೂರ ಹಿಡಿದು ಬೆಂಕಿಗೆ ತೋರಿಸಿ ಸಣ್ಣ ಮಣಿ ಮಾಡಿಕೊಳ್ಳೋದೂ ಉಂಟು.

ಶ್ರುತಿ ತಿರುಗಿಸೋ ಕೀಲಿ ಕಡೆ ಟ್ರೆಬಲ್ಲಿಗೆ ಮೂರು ನಾಲ್ಕು ಸುತ್ತು, ಬೇಸಿಗೆ ಎರಡು ಮೂರು. ಶ್ರುತಿಯನ್ನು ಯಾವಾಗಲೂ ಕೆಳಗಿಂದ ಮೇಲಕ್ಕೆ ತನ್ನಿ, ಮೀರಿದರೆ ಇಳಿಸಿ ಮತ್ತೆ ಏರಿಸಿ. ನೈಲಾನ್ ನಿಲ್ಲೋಕೆ ಮೂರರಿಂದ ಐದು ದಿನ, ಕಾರ್ಬನ್ ಅದಕ್ಕಿಂತ ಬೇಗ.

ಲೆಕ್ಕಿಗ:
ಬೇಸ್ ತಂತಿ ಟ್ರೆಬಲ್ಲಿಗಿಂತ ಬೇಗ ಹಳತಾಗುತ್ತೆ. ಸೆಟ್ಟಿನಲ್ಲಿ ಮೊದಲು ಹೋಗೋದು ನಾಲ್ಕನೇ ತಂತಿ: ಸುತ್ತು ಬಲು ತೆಳು, ಫ್ರೆಟ್ಟಿನ ಮೇಲೆ ತೇಯ್ದು ಒಳಗಿನ ನೈಲಾನ್ ನೂಲು ಹೊರಗೆ ಬರುತ್ತೆ. ತಂತಿಯ ಅಡಿಯಲ್ಲಿ ಉಗುರು ಎಳೆದು ನೋಡಿ, ಫ್ರೆಟ್ ಇರೋ ಕಡೆ ಕಚ್ಚು ಸಿಕ್ಕರೆ ಬದಲಿಸೋ ಹೊತ್ತಾಯ್ತು. ಹೊಸಬೆರಳು ಅವರ ಈಗಿನ ಸೆಟ್ ಹಳೇದಾಗಿದ್ದರೆ ಆ ಜಿ ಶ್ರುತಿ ತೊಂದರೆಯಲ್ಲಿ ಅದರ ಪಾಲೂ ಇದ್ದೀತು.

ಹೊಸಬೆರಳು:
ಎಲ್ಲ ಅಳೆದೆ. ನಟ್ ಸರಿ ಇದೆ, ಆರೂ ತಂತಿಯಲ್ಲಿ ಕಾಗದ ನುಸುಳ್ತು. ಕತ್ತಿನ ಬಾಗು 7ನೇ ಫ್ರೆಟ್ಟಿನಲ್ಲಿ 0.1ಕ್ಕಿಂತ ಕಡಿಮೆ, ಇದೆಯೋ ಇಲ್ಲವೋ ಅನ್ನೋ ಹಾಗೆ. ಝರ್ ಬರೋದು 1ರಿಂದ 4ನೇ ಫ್ರೆಟ್ಟಿನವರೆಗೆ. ನಾಲ್ಕನೇ ತಂತಿಯಲ್ಲಿ ಕಚ್ಚು ಇದೆ. ಹಾಗಾದರೆ: ಒಂದು, ಎರಡು ನಾರ್ಮಲ್ ನೈಲಾನ್, ಮೂರು ನಾರ್ಮಲ್ ಕಾರ್ಬನ್, ನಾಲ್ಕು ಐದು ಆರು ಹಾರ್ಡ್. ಆಮೇಲೆ ಸ್ಯಾಡಲ್. ಸರೀನಾ? ಸ್ಯಾಡಲ್ ಮೊದಲೋ, ತಂತಿ ಮೊದಲೋ?

ದೇವದಾರು:
ಆಯ್ಕೆ ಸರಿ. ತಂತಿ ಮೊದಲು. ಹಾರ್ಡ್ ಬೇಸ್ ಕತ್ತನ್ನು ಸ್ವಲ್ಪ ಎಳೆಯುತ್ತೆ, ಎತ್ತರ ಒಂದೆರಡು ದಶಾಂಶ ಏರಬಹುದು. ಹಳೇ ತಂತಿಯ ಅಳತೆಗೆ ಸ್ಯಾಡಲ್ ಉಜ್ಜಿದರೆ ಆ ಕೆಲಸ ಎರಡು ಸಲ ಮಾಡಬೇಕಾಗುತ್ತೆ. ಹೊಸ ತಂತಿ ಹಾಕಿ ಒಂದು ವಾರ ಶ್ರುತಿಯಲ್ಲಿ ಬಿಡಿ, ಗಾಳಿಯ ತೇವ ಶೇ. 45ರಿಂದ 55 ಇರುವಾಗ ಅಳೆಯಿರಿ. ಮಳೆಯ ಹೊತ್ತಿನಲ್ಲಿ ಹಲಗೆ ಉಬ್ಬಿ ಎತ್ತರ ಏರಿರುತ್ತೆ, ಆಗ ಉಜ್ಜಿದರೆ ಒಣ ದಿನಗಳಲ್ಲಿ ಝರ್.

12ನೇ ಫ್ರೆಟ್ಟಿನಲ್ಲಿ ಎಷ್ಟು ಇಳಿಯಬೇಕೋ ಅದರ ಎರಡರಷ್ಟು ಸ್ಯಾಡಲ್ಲಿನಲ್ಲಿ ತೆಗೀಬೇಕು. ಅಳತೆ ಆಗಲೂ 3.8 ಇದ್ದು 3.0 ಬೇಕಿದ್ದರೆ ಒಂದನೇ ತಂತಿಯ ತುದಿಯಲ್ಲಿ 1.6 ಮಿ.ಮೀ., ಆರನೇ ತುದಿಯಲ್ಲಿ ಸೊನ್ನೆ. ಇಳಿಜಾರು ಬೇಕಿರೋದರಿಂದ ಮೇಲಿನಿಂದ ತೆಗೀರಿ, ತಳ ಮುಟ್ಟಬೇಡಿ. ತಳ ಓರೆಯಾದರೆ ಸ್ಯಾಡಲ್ ಗಾಡಿಯೊಳಗೆ ಪೂರ್ತಿ ಕೂರಲ್ಲ, ನಾದ ಸೋರುತ್ತೆ. ಸ್ಯಾಡಲ್ ಹೊರತೆಗೆದು ಪೆನ್ಸಿಲ್ಲಿನಲ್ಲಿ ಓರೆಗೆರೆ ಎಳೆದು, ಗಾಜಿನ ಮೇಲೆ 180ರ ಉಪ್ಪುಕಾಗದ ಅಂಟಿಸಿ ಗೆರೆ ಬರೋವರೆಗೆ ಉಜ್ಜಿ. ತುದಿಯನ್ನು ಮತ್ತೆ ದುಂಡು ಮಾಡಿ 400ರಲ್ಲಿ ನುಣುಪು ಮಾಡಿ. ಮೊದಲ ಸಲ 1.6 ಪೂರ್ತಿ ತೆಗೀಬೇಡಿ. 1.0 ತೆಗೆದು ತಂತಿ ಕಟ್ಟಿ ಅಳೆದು, ಆಮೇಲೆ ಮಿಕ್ಕದ್ದು.

ಉಜ್ಜಿದ ಮೇಲೂ ಬ್ರಿಡ್ಜಿನ ಮರದಿಂದ ಸ್ಯಾಡಲ್ 2 ಮಿ.ಮೀ. ಆದರೂ ಮೇಲೆ ಉಳಿಯಬೇಕು. ಅಷ್ಟು ಉಳಿಯಲ್ಲ ಅನ್ನಿಸಿದರೆ ಉಜ್ಜಬೇಡಿ, ಅಳತೆ ಇಲ್ಲಿ ಹಾಕಿ.

ಹೊಸಬೆರಳು:
ಈಗ ಒಂದನೇ ತುದಿಯಲ್ಲಿ 4.1 ಮಿ.ಮೀ. ಮೇಲಿದೆ. 1.6 ತೆಗೆದರೂ 2.5 ಉಳಿಯುತ್ತೆ.

ದೇವದಾರು:
ಸಾಕು. ತಂತಿ ಕಟ್ಟಿ, ವಾರ ಬಿಟ್ಟು ಅಳೆಯಿರಿ.